ಜೇನ್ ಆಸ್ಟಿನ್ ಸಮಗ್ರ ಕೃತಿಗಳು: ಅಮ್ಮನಿಗೆ ಓದಿ ಹೇಳಲು ಎಲ್ಲಿಂದ ಆರಂಭಿಸಲಿ?

ಚಿಕ್ಕಮಗಳೂರಿನ ಓದುಗಿ

ಎಲ್ಲರಿಗೂ ನಮಸ್ಕಾರ. ಜೇನ್ ಆಸ್ಟಿನ್ ಅವರ ಆರು ಕಾದಂಬರಿಗಳನ್ನೂ ಒಟ್ಟಿಗೆ ಸೇರಿಸಿ ಅಚ್ಚು ಮಾಡಿರುವ ದಪ್ಪ ಸಂಪುಟವೊಂದು ಕಳೆದ ತಿಂಗಳು ನನ್ನ ಕೈಸೇರಿತು. ಕಾಲೇಜಿನಲ್ಲಿ ಪಠ್ಯವಾಗಿದ್ದ ‘ಪ್ರೈಡ್ ಅಂಡ್ ಪ್ರೆಜುಡೀಸ್’ ಒಂದನ್ನು ಬಿಟ್ಟರೆ ಬೇರೆ ಯಾವುದನ್ನೂ ನಾನು ಓದಿಲ್ಲ. ಅದನ್ನೂ ಪರೀಕ್ಷೆಗೆ ಬೇಕಾದಷ್ಟೇ ಓದಿದ್ದು. ಈಗ ಪೂರ್ತಿಯಾಗಿ ಓದಬೇಕೆನ್ನಿಸಿರುವುದಕ್ಕೆ ಒಂದು ಕಾರಣವಿದೆ. ನನ್ನ ಅಮ್ಮನಿಗೆ ಎಪ್ಪತ್ತೆಂಟು ವರ್ಷ. ಜೀವನವಿಡೀ ಕಾದಂಬರಿ ಓದಿಕೊಂಡು ಬಂದವರಿಗೆ ಈಚೆಗೆ ಕಣ್ಣು ಮಂಜಾಗಿ ಅಕ್ಷರ ಹಿಡಿಯುತ್ತಿಲ್ಲ. ಮಳೆ ಹಿಡಿದ ಮೇಲೆ ಸಂಜೆ ಹೊರಗೆ ಹೋಗುವಂತಿಲ್ಲವಾದ್ದರಿಂದ, ಮಧ್ಯಾಹ್ನ ನಾನೊಂದು ಅಧ್ಯಾಯ ಓದಿಟ್ಟುಕೊಂಡು, ದೀಪ ಹಚ್ಚಿದ ಮೇಲೆ ಅದನ್ನು ಕನ್ನಡದಲ್ಲಿ ಅವರಿಗೆ ಹೇಳುವುದೆಂದು ಇಬ್ಬರೂ ಒಪ್ಪಿಕೊಂಡಿದ್ದೇವೆ.

ಅಮ್ಮ ಹುಟ್ಟಿ ಬೆಳೆದದ್ದು ಆಲ್ದೂರಿನ ಕಡೆಯ ತೋಟದ ಮನೆಯಲ್ಲಿ. ಬರುವ ಹೋಗುವ ನೆಂಟರು, ಹೆಣ್ಣು ನೋಡುವ ಶಾಸ್ತ್ರ, ಪಾಲುಪಟ್ಟಿಯ ಮಾತುಕತೆ, ಯಾರ ಮನೆಯಲ್ಲಿ ಎಷ್ಟು ಮೂಟೆ ಕಾಫಿಯಾಯಿತು ಎಂಬ ಲೆಕ್ಕ, ಇವುಗಳ ನಡುವೆಯೇ ದೊಡ್ಡವರಾದವರು. ಆಸ್ಟಿನ್ ಕಾದಂಬರಿಗಳ ಲೋಕ ಅವರಿಗೆ ದೂರವಾಗಲಾರದೆಂದು ನನಗನ್ನಿಸಿತ್ತು. ಆದರೆ ‘ಎಮ್ಮಾ’ದಿಂದ ಆರಂಭಿಸಿ ಮೂರನೆಯ ಸಂಜೆಗೇ ತೊಡಕಿಗೆ ಸಿಲುಕಿದೆ. ಎಮ್ಮಾ ತನ್ನ ಹೊಸ ಗೆಳತಿ ಹ್ಯಾರಿಯೆಟ್‌ಳ ಬಗ್ಗೆ ಯೋಚಿಸುವ ಭಾಗವನ್ನು ಹೇಳುತ್ತಿದ್ದಾಗ ಅಮ್ಮ ನನ್ನನ್ನು ತಡೆದು, “ಇದನ್ನ ಕತೆ ಹೇಳೋರು ಹೇಳ್ತಿದಾರೋ, ಆ ಹುಡುಗೀನೇ ಅಂದ್ಕೊಳ್ತಿದಾಳೋ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಬಲ್ಲವರಲ್ಲಿ ನನ್ನ ಪ್ರಶ್ನೆಗಳಿವು. ಯಾವ ಕಾದಂಬರಿಯಿಂದ ಆರಂಭಿಸಿ ಯಾವ ಕ್ರಮದಲ್ಲಿ ಓದುವುದು ಒಳ್ಳೆಯದು? ಈ ಆರು ಕಾದಂಬರಿಗಳನ್ನು ಬಿಟ್ಟು ಆಕೆ ಬರೆದದ್ದು ಇನ್ನೇನಾದರೂ ಇದೆಯೇ? ಅಮ್ಮ ಕೇಳಿದ ಪ್ರಶ್ನೆಗೆ ಏನು ಹೇಳಲಿ? ಜೊತೆಗೆ, ಇವೆಲ್ಲ ಹುಡುಗಿಯರ ಮದುವೆಯಾದರೆ ಮುಗಿದುಹೋಗುವ ಕತೆಗಳು, ಇವಕ್ಕೆ ಇಷ್ಟು ಶ್ರಮವೇಕೆ ಎಂದು ಬಂಧುಗಳೊಬ್ಬರು ಕೇಳಿದರು. ಅವರ ಮಾತನ್ನು ನನ್ನ ಮನಸ್ಸು ಒಪ್ಪಲಿಲ್ಲ, ಆದರೆ ಸರಿಯಾದ ಉತ್ತರ ಕೊಡಲೂ ಆಗಲಿಲ್ಲ.

ಹಾಸನದ ನಿವೃತ್ತ ಅಧ್ಯಾಪಕ

ಮೇಡಂ, ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಮೂವತ್ತು ವರ್ಷ ಈ ಕಾದಂಬರಿಗಳನ್ನು ಪಾಠ ಮಾಡಿದವನು ನಾನು. ತರಗತಿಯಲ್ಲಿ ಎಂದೂ ಸಿಗದ ಕೇಳುಗರು ನಿಮಗೆ ಸಿಕ್ಕಿದ್ದಾರೆ.

ಮೊದಲು ಸಂಪುಟದ ವಿಚಾರ. ಆಸ್ಟಿನ್ ಹುಟ್ಟಿದ್ದು 1775ರ ಡಿಸೆಂಬರ್ 16ರಂದು, ಹ್ಯಾಂಪ್‌ಶೈರಿನ ಸ್ಟೀವೆಂಟನ್ ಎಂಬ ಹಳ್ಳಿಯಲ್ಲಿ. ತಂದೆ ಅಲ್ಲಿಯ ಪಾದ್ರಿ. ತೀರಿಕೊಂಡದ್ದು 1817ರ ಜುಲೈ 18ರಂದು, ನಲವತ್ತೊಂದನೆಯ ವಯಸ್ಸಿನಲ್ಲಿ. ಬದುಕಿದ್ದಾಗ ಪ್ರಕಟವಾದವು ನಾಲ್ಕು: ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ 1811ರಲ್ಲಿ, ‘ಪ್ರೈಡ್ ಅಂಡ್ ಪ್ರೆಜುಡೀಸ್’ 1813ರಲ್ಲಿ, ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ 1814ರಲ್ಲಿ, ‘ಎಮ್ಮಾ’ 1815ರ ಕೊನೆಯಲ್ಲಿ. ‘ನಾರ್ಥ್ಯಾಂಗರ್ ಅಬ್ಬೆ’ ಮತ್ತು ‘ಪರ್ಸುಯೇಷನ್’ ಎರಡೂ ಒಟ್ಟಿಗೆ ಹೊರಬಂದದ್ದು ಆಕೆ ತೀರಿಕೊಂಡ ವರ್ಷದ ಡಿಸೆಂಬರ್‌ನಲ್ಲಿ. ಬದುಕಿದ್ದಷ್ಟು ಕಾಲ ಆಕೆಯ ಹೆಸರು ಯಾವ ಪುಸ್ತಕದ ಮೇಲೂ ಅಚ್ಚಾಗಲಿಲ್ಲ. ಮೊದಲನೆಯದರ ಮುಖಪುಟದಲ್ಲಿ ‘ಒಬ್ಬ ಮಹಿಳೆಯಿಂದ’ ಎಂದಷ್ಟೇ ಇತ್ತು. ಅಣ್ಣ ಹೆನ್ರಿ ಕೊನೆಯ ಎರಡು ಕಾದಂಬರಿಗಳಿಗೆ ಬರೆದ ಪರಿಚಯದ ಮಾತಿನಲ್ಲಿ ಆಕೆಯೇ ಲೇಖಕಿಯೆಂದು ಮೊದಲ ಬಾರಿಗೆ ಹೇಳಿದ.

ಇವಲ್ಲದೆ ಹುಡುಗಿಯಾಗಿದ್ದಾಗ ಬರೆದ ಮೂರು ನೋಟ್‌ಬುಕ್‌ಗಳಿವೆ. ಪತ್ರಗಳ ರೂಪದಲ್ಲಿರುವ ‘ಲೇಡಿ ಸೂಸನ್’ ಎಂಬ ಕಿರುಕಾದಂಬರಿಯಿದೆ. ಅರ್ಧಕ್ಕೆ ನಿಂತ ‘ದಿ ವಾಟ್ಸನ್ಸ್’ ಇದೆ. ಕೊನೆಯ ಕಾಯಿಲೆಯಲ್ಲಿ ಹನ್ನೆರಡನೆಯ ಅಧ್ಯಾಯದವರೆಗೆ ಬಂದು ಕೈಬಿಟ್ಟ ‘ಸ್ಯಾಂಡಿಟನ್’ ಇದೆ. ‘ಪರ್ಸುಯೇಷನ್’ಗೆ ಮೊದಲು ಬರೆದು ಆಮೇಲೆ ಬೇಡವೆಂದು ಬದಲಿಸಿದ ಮುಕ್ತಾಯದ ಹಸ್ತಪ್ರತಿ ಕೂಡ ಉಳಿದಿದೆ, ಮುಗಿಸಿದ ಆರು ಕಾದಂಬರಿಗಳಲ್ಲಿ ಆಕೆಯ ಕೈಬರಹದಲ್ಲೇ ಉಳಿದಿರುವುದು ಅಷ್ಟು ಮಾತ್ರ. ಆರ್. ಡಬ್ಲ್ಯೂ. ಚಾಪ್‌ಮನ್ ಆರು ಕಾದಂಬರಿಗಳನ್ನು 1923ರಲ್ಲಿ ಐದು ಸಂಪುಟಗಳಾಗಿ ಸಂಪಾದಿಸಿದರು. ಸಣ್ಣಪುಟ್ಟ ಬರಹಗಳನ್ನು 1954ರಲ್ಲಿ ಆರನೆಯ ಸಂಪುಟವಾಗಿ ಸೇರಿಸಿದರು. ನಿಮ್ಮ ಪುಸ್ತಕದಲ್ಲಿ ಇವು ಇಲ್ಲದಿದ್ದರೂ ಈಗಲೇ ಹುಡುಕಬೇಕಾಗಿಲ್ಲ. ಪತ್ರಗಳು ಮಾತ್ರ ಬೇರೆಯೇ ಪುಸ್ತಕ. ಅಕ್ಕ ಕಸಾಂಡ್ರಾ ಅವುಗಳಲ್ಲಿ ಬಹುಪಾಲನ್ನು ಸುಟ್ಟುಬಿಟ್ಟ ಮೇಲೆ ನೂರ ಅರವತ್ತರಷ್ಟು ಉಳಿದಿವೆ.

ಇನ್ನು ಕ್ರಮ. ‘ಎಮ್ಮಾ’ವನ್ನು ಸದ್ಯಕ್ಕೆ ಮುಚ್ಚಿಟ್ಟು ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯಿಂದ ಆರಂಭಿಸಿ ಎಂದು ನನ್ನ ಬಿನ್ನಹ. ಅದು ಮೊದಲು ಪ್ರಕಟವಾದದ್ದು ಎಂಬ ಕಾರಣಕ್ಕಲ್ಲ, ಅದರ ಎರಡನೆಯ ಅಧ್ಯಾಯಕ್ಕಾಗಿ. ನಿಮ್ಮ ಬಂಧುಗಳ ಪ್ರಶ್ನೆಗೂ ಉತ್ತರ ಅಲ್ಲೇ ಇದೆ.

ತಂದೆ ಸಾಯುವ ಹೊತ್ತಿನಲ್ಲಿ ಮೊದಲ ಹೆಂಡತಿಯ ಮಗ ಜಾನ್ ಡ್ಯಾಶ್‌ವುಡ್‌ನನ್ನು ಕರೆದು, ಎರಡನೆಯ ಹೆಂಡತಿಯನ್ನೂ ಅವಳ ಮೂವರು ಹೆಣ್ಣುಮಕ್ಕಳನ್ನೂ ನೋಡಿಕೊಳ್ಳುವಂತೆ ಮಾತು ತೆಗೆದುಕೊಂಡಿದ್ದಾನೆ. ಮನೆ, ಜಮೀನು ಎಲ್ಲವೂ ಜಾನ್‌ನ ಕಡೆಗೆ ಹೋಗುವಂಥದು. ತಂಗಿಯರಿಗೆ ತಲೆಗೆ ಸಾವಿರದಂತೆ ಮೂರು ಸಾವಿರ ಪೌಂಡು ಕೊಡಬೇಕೆಂದು ಅವನು ತನ್ನಷ್ಟಕ್ಕೆ ನಿಶ್ಚಯಿಸುತ್ತಾನೆ, ತನ್ನ ಉದಾರತನ ಕಂಡು ತಾನೇ ಹಿಗ್ಗುತ್ತಾನೆ. ಆಗ ಅವನ ಹೆಂಡತಿ ಫ್ಯಾನಿ ಮಾತಿಗೆ ಕೂರುತ್ತಾಳೆ. ಇರುವ ಒಬ್ಬ ಮಗನ ಬಾಯಿಂದ ಕಸಿದು ಕೊಡುವುದೇ? ಹಾಗಿದ್ದರೆ ತಲೆಗೆ ಐನೂರು ಸಾಕೆನ್ನುತ್ತಾನೆ ಜಾನ್. ಅಷ್ಟಾದರೂ ಯಾವ ಅಣ್ಣ ಕೊಡುತ್ತಾನೆ? ಹಾಗಾದರೆ ತಾಯಿಗೆ ಬದುಕಿರುವವರೆಗೆ ವರ್ಷಕ್ಕೆ ನೂರು. ವರ್ಷಾಶನ ಗೊತ್ತುಮಾಡಿದರೆ ಜನ ಸಾಯುವುದೇ ಇಲ್ಲ, ಆಕೆಗಿನ್ನೂ ನಲವತ್ತು ತುಂಬಿಲ್ಲ, ಗಟ್ಟಿಮುಟ್ಟಾಗಿದ್ದಾಳೆ! ಸರಿ, ಆಗಾಗ ಐವತ್ತು ಪೌಂಡು. ಕೊನೆಗೆ ನಿಂತದ್ದೆಲ್ಲಿ? ಬಾಡಿಗೆಗೊಂದು ಸಣ್ಣ ಮನೆ ಹುಡುಕಿಕೊಡುವುದು, ಸಾಮಾನು ಸಾಗಿಸಲು ನೆರವಾಗುವುದು, ಕಾಲಕಾಲಕ್ಕೆ ಒಂದಿಷ್ಟು ಮೀನು, ಬೇಟೆಯ ಮಾಂಸ ಕಳಿಸಿಕೊಡುವುದು. ತಂದೆ ಕೇಳಿದ್ದೂ ಇಷ್ಟೇ ಇರಬೇಕೆಂದು ಜಾನ್‌ಗೆ ಮನಸಾರೆ ಅನ್ನಿಸಿಬಿಡುತ್ತದೆ. ಅಷ್ಟಕ್ಕೇ ಬಿಡದೆ, ಅತ್ತೆಯ ಪಾಲಿಗೆ ಬಂದ ಬೆಳಗಿನ ತಿಂಡಿಯ ಪಿಂಗಾಣಿ ಪಾತ್ರೆಗಳು ತಮ್ಮ ಮನೆಯವಕ್ಕಿಂತ ಚೆನ್ನಾಗಿವೆಯೆಂದು ಫ್ಯಾನಿ ಹೊಟ್ಟೆಯುರಿ ಪಡುತ್ತಾಳೆ. ಇಡೀ ಅಧ್ಯಾಯದಲ್ಲಿ ಯಾರೂ ದನಿಯೆತ್ತುವುದಿಲ್ಲ, ಒಂದು ಕೆಟ್ಟ ಮಾತಿಲ್ಲ. ಮೂರು ಸಾವಿರ ಸೊನ್ನೆಯಾಗುವುದನ್ನು ನಾವು ಕಣ್ಣಾರೆ ಕಾಣುತ್ತೇವೆ.

ಈ ಅಧ್ಯಾಯವನ್ನು ಪಾಠ ಮಾಡುವಾಗ ನಾನು ವಿದ್ಯಾರ್ಥಿಗಳಿಗೆ ನಮ್ಮ ಕಡೆಯ ಎರಡು ಮಾತುಗಳನ್ನು ನೆನಪಿಸುತ್ತಿದ್ದೆ. ಒಂದು, ಅರಿಶಿನ ಕುಂಕುಮಕ್ಕೆಂದು ಹೆಣ್ಣುಮಕ್ಕಳಿಗೆ ಬಿಡುವ ತುಂಡು. ಇನ್ನೊಂದು, ಗೌರಿ ಹಬ್ಬದ ಬಾಗಿನ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ 1994ರ ತಿದ್ದುಪಡಿಯಿಂದ ಮದುವೆಯಾಗದ ಹೆಣ್ಣುಮಕ್ಕಳಿಗೂ, 2005ರ ಕೇಂದ್ರದ ತಿದ್ದುಪಡಿಯಿಂದ ಎಲ್ಲ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂದಿದೆ. ಬಂದ ಮೇಲೂ ನೋಂದಣಿ ಕಚೇರಿಗಳಲ್ಲಿ ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದನ್ನು ನಾವೆಲ್ಲ ನೋಡಿದ್ದೇವೆ. ಆ ಸಹಿಯ ಹಿಂದಿನ ರಾತ್ರಿ ಮನೆಗಳಲ್ಲಿ ನಡೆಯುವ ಮಾತುಕತೆ ಈ ಎರಡನೆಯ ಅಧ್ಯಾಯದಲ್ಲಿದೆ.

ಆಸ್ಟಿನ್‌ಗೆ ಇದು ಪುಸ್ತಕದಿಂದ ತಿಳಿದದ್ದಲ್ಲ. 1805ರ ಜನವರಿಯಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಅಣ್ಣತಮ್ಮಂದಿರು ಸೇರಿಸಿಕೊಡುವ ಹಣದ ಮೇಲೆ ಬಾಡಿಗೆ ಮನೆಗಳಲ್ಲಿ ಬದುಕಬೇಕಾಯಿತು. ಶ್ರೀಮಂತ ಬಂಧುಗಳಿಗೆ ದತ್ತು ಹೋಗಿದ್ದ ಅಣ್ಣ ಎಡ್ವರ್ಡ್ 1809ರಲ್ಲಿ ಚಾಟನ್ ಎಂಬ ಹಳ್ಳಿಯಲ್ಲಿ ಮನೆ ಕೊಟ್ಟ ನಂತರವೇ ಆಕೆ ಹಳೆಯ ಹಸ್ತಪ್ರತಿಗಳನ್ನು ಹೊರತೆಗೆದು ತಿದ್ದಿ ಪ್ರಕಟಣೆಗೆ ಸಿದ್ಧಪಡಿಸಿದ್ದು. ತಲೆಯ ಮೇಲೆ ಸೂರು ಸಿಕ್ಕಿ ಎರಡು ವರ್ಷಕ್ಕೆ ಮೊದಲ ಪುಸ್ತಕ ಹೊರಬಂತು. ಅದರ ಮೊದಲ ಮುದ್ರಣದಿಂದ ಬಂದ 140 ಪೌಂಡು ಆಕೆಯ ಸ್ವಂತ ಸಂಪಾದನೆ. ಈ ಕಾದಂಬರಿಗಳಲ್ಲಿ ಮದುವೆಯೆಂದರೆ ಹೆಣ್ಣೊಬ್ಬಳು ಮುಂದೆ ಯಾರ ಮನೆಯಲ್ಲಿ, ಯಾರ ಹಂಗಿನಲ್ಲಿ, ವರ್ಷಕ್ಕೆ ಎಷ್ಟು ಹಣದಲ್ಲಿ ಬದುಕಬೇಕು ಎಂಬುದರ ತೀರ್ಮಾನ. ಆದ್ದರಿಂದಲೇ ಪ್ರತಿಯೊಬ್ಬರ ವರಮಾನವನ್ನೂ ಆಸ್ಟಿನ್ ಅಂಕಿಯಲ್ಲಿ ಹೇಳುತ್ತಾರೆ. ‘ಪ್ರೈಡ್ ಅಂಡ್ ಪ್ರೆಜುಡೀಸ್’ನ ಡಾರ್ಸಿಗೆ ವರ್ಷಕ್ಕೆ ಹತ್ತು ಸಾವಿರ, ಬೆನೆಟ್‌ಗೆ ಎರಡು ಸಾವಿರ, ಡ್ಯಾಶ್‌ವುಡ್ ತಾಯಿ ಮಕ್ಕಳು ನಾಲ್ವರಿಗೂ ಸೇರಿ ಐನೂರು. ಅಮ್ಮನಿಗೆ ಹೇಳುವಾಗ ಈ ಅಂಕಿಗಳನ್ನು ದಯವಿಟ್ಟು ಬಿಡಬೇಡಿ.

ಅದಾದ ಮೇಲೆ ‘ಪ್ರೈಡ್ ಅಂಡ್ ಪ್ರೆಜುಡೀಸ್’, ಆಮೇಲೆ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’, ನಂತರ ‘ಎಮ್ಮಾ’, ಕೊನೆಯಲ್ಲಿ ‘ಪರ್ಸುಯೇಷನ್’. ‘ನಾರ್ಥ್ಯಾಂಗರ್ ಅಬ್ಬೆ’ಯನ್ನು ಎಲ್ಲಿ ಬೇಕಾದರೂ ಸೇರಿಸಿಕೊಳ್ಳಬಹುದು.

ಸಕಲೇಶಪುರದ ಕಾಫಿ ಬೆಳೆಗಾರ

ಅಧ್ಯಾಪಕರು ಹೇಳಿದ್ದನ್ನು ಪೂರ್ತಿ ಒಪ್ಪುತ್ತಾ ಒಂದು ಮಾತು ಸೇರಿಸುತ್ತೇನೆ. ಜಾನ್ ಡ್ಯಾಶ್‌ವುಡ್‌ನನ್ನು ಎರಡನೆಯ ಅಧ್ಯಾಯಕ್ಕೇ ಬಿಟ್ಟುಬಿಡಬೇಡಿ. ಮೂವತ್ತಮೂರನೆಯ ಅಧ್ಯಾಯದಲ್ಲಿ ಅವನು ಲಂಡನ್ನಿನಲ್ಲಿ ತಂಗಿ ಎಲಿನರ್‌ಗೆ ಸಿಕ್ಕಿ ತನ್ನ ಖರ್ಚುವೆಚ್ಚಗಳ ಕಷ್ಟ ತೋಡಿಕೊಳ್ಳುತ್ತಾನೆ. ಪಕ್ಕದ ಜಮೀನು ಕೊಂಡನಂತೆ, ಹೆಂಡತಿಗೆ ಗಾಜಿನ ಹೂಮನೆ ಕಟ್ಟಿಸಲು ಹಳೆಯ ಆಕ್ರೋಟು ಮರಗಳನ್ನೆಲ್ಲ ಕಡಿಸಿದನಂತೆ. ಪಿಂಗಾಣಿಯೆಲ್ಲ ಮಲತಾಯಿಯ ಪಾಲಿಗೆ ಹೋದದ್ದರಿಂದ ತಾವು ಹೊಸದಾಗಿ ಕೊಳ್ಳಬೇಕಾಯಿತೆಂದು ಆ ತಾಯಿಯ ಮಗಳ ಮುಂದೆಯೇ ದೂರುತ್ತಾನೆ. ಮರ ಕಡಿಸಿದ ಸುದ್ದಿ ಕೇಳಿ ಎಲಿನರ್ ಒಂದು ಮಾತನ್ನೂ ಆಡದೆ ಸುಮ್ಮನಿರುತ್ತಾಳೆ. ಅಜ್ಜನ ಕಾಲದ ನೆರಳು ಮರ ಉರುಳುವುದನ್ನು ಕಣದಲ್ಲಿ ನಿಂತು ನೋಡಿದವರಿಗೆ ಆ ಮೌನ ಎಂಥದೆಂದು ತಿಳಿದಿರುತ್ತದೆ.

‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಬೇಸರ ತರಿಸುತ್ತದೆಂದು ಹಲವರು ಬಿಟ್ಟುಬಿಡುತ್ತಾರೆ. ತೋಟವಿರುವ ಕುಟುಂಬದವರು ಅದನ್ನು ಖಂಡಿತ ಓದಬೇಕು. ಮನೆಯ ಯಜಮಾನ ಸರ್ ಥಾಮಸ್‌ಗೆ ವೆಸ್ಟ್ ಇಂಡೀಸಿನ ಆಂಟಿಗಾ ದ್ವೀಪದಲ್ಲಿ ಜಮೀನಿದೆ. ಆ ದ್ವೀಪದಲ್ಲಿ ಅಂದು ದುಡಿಯುತ್ತಿದ್ದವರು ಆಫ್ರಿಕಾದಿಂದ ತಂದ ಗುಲಾಮರು. ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ. ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನೇ ಕೊನೆಗಾಣಿಸುವ ಕಾಯ್ದೆ ತಂದದ್ದು 1833ರಲ್ಲಿ. ಕಾದಂಬರಿ ಬಂದದ್ದು ಇವೆರಡರ ನಡುವೆ. ಆ ಮನೆಯ ಹಂಗಿನಲ್ಲಿ ಬೆಳೆದ ಬಡ ನೆಂಟರ ಹುಡುಗಿ ಫ್ಯಾನಿ ಪ್ರೈಸ್ ಒಂದು ಸಂಜೆ ಗುಲಾಮರ ವ್ಯಾಪಾರದ ಬಗ್ಗೆ ಸರ್ ಥಾಮಸ್‌ನನ್ನು ಕೇಳುತ್ತಾಳೆ. ಇನ್ನಷ್ಟು ಕೇಳಬೇಕೆಂದು ಅವಳಿಗೆ ಆಸೆಯಿತ್ತು, ಆದರೆ ಉಳಿದವರೆಲ್ಲ ತುಟಿಪಿಟಕ್ಕೆನ್ನದೆ ಕುಳಿತಿದ್ದರು. ಇಷ್ಟೇ ಪ್ರಸ್ತಾಪ, ಅದೂ ಮರುದಿನ ಅವಳು ಸರ್ ಥಾಮಸ್‌ನ ಮಗ ಎಡ್ಮಂಡ್‌ಗೆ ಹೇಳುವ ಮಾತಿನಿಂದ ನಮಗೆ ತಿಳಿಯುವುದು. ಗುಲಾಮಗಿರಿಯನ್ನೂ ನಮ್ಮ ತೋಟದ ಕೂಲಿಯನ್ನೂ ನಾನು ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ, ಅದು ತಪ್ಪಾಗುತ್ತದೆ. ಆದರೆ ನಮ್ಮ ಅಜ್ಜನ ಮನೆಯ ಹಜಾರದಲ್ಲಿ ಹುಡುಗನಾಗಿದ್ದಾಗ ನಾನು, ಕೂಲಿಯವರ ಲೈನ್ ಮನೆಗಳಿಗೆ ಮಳೆಗಾಲಕ್ಕೆ ಮುಂಚೆ ಹೆಂಚು ಏಕೆ ಹೊದಿಸಿಲ್ಲ ಎಂದು ಕೇಳಿದ್ದೆ. ಆಗಲೂ ಹೀಗೆಯೇ ಎಲ್ಲರೂ ಸುಮ್ಮನಾಗಿದ್ದರು, ಯಾರೋ ಕಾಫಿ ತರಲು ಒಳಗೆ ಎದ್ದುಹೋದರು. ಆ ಪುಟ ಓದಿದಾಗ ನನಗೆ ಬೆವರು ಬಂತು.

ಬೇಲೂರಿನ ಅನುವಾದಕಿ

ನಿಮ್ಮ ತಾಯಿಯವರು ಕೇಳಿದ ಪ್ರಶ್ನೆ ಆಸ್ಟಿನ್ ಬರಹದ ಹೃದಯಕ್ಕೇ ಮುಟ್ಟುವಂಥದು. ಅವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಕೇಳಿದ್ದರಲ್ಲಿ ಎರಡೂ ನಿಜ. ಹೇಳುವವರು ಕತೆಗಾರರೇ, ಆದರೆ ಆ ಕ್ಷಣದಲ್ಲಿ ಮಾತು ಎಮ್ಮಾಳ ಮನಸ್ಸಿನಿಂದ ಬರುತ್ತಿದೆ. ‘ಎಂದುಕೊಂಡಳು’ ಎಂಬ ಬೇಲಿಯನ್ನು ಆಸ್ಟಿನ್ ಕಿತ್ತುಹಾಕಿದ್ದಾರೆ. ಇಂಗ್ಲಿಷಿನಲ್ಲಿ ಒಳಗಿನವಳಿಗೂ ಹೊರಗಿನವಳಿಗೂ ಒಂದೇ ಸರ್ವನಾಮ. ಕನ್ನಡದಲ್ಲಿ ನಮಗೆ ‘ಅವಳು’ ಬೇರೆ, ‘ತಾನು’ ಬೇರೆ. ‘ಅವಳು’ ಎಂದರೆ ಹೊರಗೆ ನಿಂತು ನೋಡಿದಂತೆ, ‘ತಾನು’ ಎಂದರೆ ಅವಳೊಳಗೆ ಕುಳಿತು ನೋಡಿದಂತೆ. ನೀವು ಸಿಲುಕಿದ ಭಾಗವನ್ನು ಹೀಗೆ ಹೇಳಿ ನೋಡಿ: “ತಾನು ಇವಳನ್ನು ಹತ್ತಿರ ಸೇರಿಸಿಕೊಳ್ಳಬೇಕು, ತಿದ್ದಬೇಕು, ಆ ಕೆಟ್ಟ ಸಹವಾಸ ಬಿಡಿಸಬೇಕು, ನಾಲ್ಕು ಒಳ್ಳೆಯ ಮನೆಯವರ ನಡುವೆ ಕೂರಿಸಬೇಕು.” ಕೊನೆಯಲ್ಲಿ ‘ಎಂದುಕೊಂಡಳು’ ಹಾಕದೆ ಮುಂದಿನ ವಾಕ್ಯಕ್ಕೆ ಹೋಗಿಬಿಡಿ. ದನಿಯಲ್ಲಿ ಎಮ್ಮಾಳ ಹುಮ್ಮಸ್ಸು ಬಂದರೆ ಸಾಕು, ಉಳಿದದ್ದನ್ನು ಅಮ್ಮ ಹಿಡಿಯುತ್ತಾರೆ.

ನೆಂಟಸ್ತಿಕೆಯ ಪದಗಳಲ್ಲಿ ಹೆಚ್ಚು ಎಚ್ಚರ ಬೇಕು. ಬೆನೆಟ್ ಮನೆಯ ಜಮೀನು ಗಂಡು ವಾರಸುದಾರನಿಗೇ ಸೇರಬೇಕೆಂಬ ಕಟ್ಟಿನಿಂದಾಗಿ ಐವರು ಹೆಣ್ಣುಮಕ್ಕಳನ್ನು ದಾಟಿ ಕಾಲಿನ್ಸ್‌ಗೆ ಹೋಗುತ್ತದೆ. ಅವನನ್ನು ‘ದಾಯಾದಿ’ ಎಂದುಬಿಡಿ, ಆ ಒಂದು ಪದದಲ್ಲಿ ಅರ್ಧ ಕತೆ ಹೇಳಿದಂತಾಗುತ್ತದೆ. ಕಷ್ಟವಿರುವುದು ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನಲ್ಲಿ. ಫ್ಯಾನಿ ಕೊನೆಯಲ್ಲಿ ಮದುವೆಯಾಗುವ ಎಡ್ಮಂಡ್ ಅವಳ ತಾಯಿಯ ಸಹೋದರಿಯ ಮಗ. ಸೋದರತ್ತೆಯ ಮಗನಾಗಿದ್ದರೆ ನಮ್ಮಲ್ಲಿ ಯಾರೂ ಹುಬ್ಬೇರಿಸುತ್ತಿರಲಿಲ್ಲ, ಆದರೆ ಈ ಸಂಬಂಧದಲ್ಲಿ ಅವನು ನಮಗೆ ಅಣ್ಣ. ಮುಚ್ಚಿಡಲು ಹೋಗಬೇಡಿ. ಮೊದಲ ಅಧ್ಯಾಯದಲ್ಲೇ ಸರ್ ಥಾಮಸ್‌ಗೆ ಈ ಹುಡುಗಿಯನ್ನು ಮನೆಗೆ ತಂದರೆ ಮಕ್ಕಳ ನಡುವೆ ಪ್ರೇಮ ಹುಟ್ಟೀತೆಂಬ ಆತಂಕವಿರುತ್ತದೆ. ಅಣ್ಣತಂಗಿಯರಂತೆ ಒಟ್ಟಿಗೆ ಬೆಳೆದವರಲ್ಲಿ ಅದು ಸಾಧ್ಯವೇ ಇಲ್ಲವೆಂದು ನಾರಿಸ್ ಎಂಬಾಕೆ ಅವನ ಬಾಯಿ ಮುಚ್ಚಿಸುತ್ತಾಳೆ. ಆ ಮಾತುಕತೆಯನ್ನು ಮೊದಲೇ ಪೂರ್ತಿಯಾಗಿ ಹೇಳಿಬಿಟ್ಟರೆ ಅಮ್ಮ ಕೊನೆಯವರೆಗೂ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತಾರೆ.

‘ಎಮ್ಮಾ’ಕ್ಕೆ ಮರಳಿದಾಗ ಕೊನೆಯ ಭಾಗದ ಒಂದು ಸಣ್ಣ ಪ್ರಸಂಗವನ್ನು ತಪ್ಪಿಸಬೇಡಿ. ಮದುವೆ ನಿಶ್ಚಯವಾದ ಮೇಲೆ ನೈಟ್ಲಿ ತನ್ನನ್ನು ಹೆಸರು ಹಿಡಿದು ಕರೆಯುವಂತೆ ಎಮ್ಮಾಳನ್ನು ಕೇಳುತ್ತಾನೆ. ತನ್ನಿಂದ ಆಗದು, ಎಂದೆಂದಿಗೂ ‘ಮಿಸ್ಟರ್ ನೈಟ್ಲಿ’ ಎಂದೇ ಕರೆಯುವೆನೆನ್ನುತ್ತಾಳೆ. ಒಂದೇ ಒಂದು ಸಲ, ಮದುವೆಯ ಹೊತ್ತಿನಲ್ಲಿ ಹೆಸರು ಹೇಳುವುದಾಗಿ ಮಾತು ಕೊಡುತ್ತಾಳೆ. ಹೊಸಿಲಲ್ಲಿ ನಿಲ್ಲಿಸಿ ಗಂಡನ ಹೆಸರು ಹೇಳಿಸುವ ಶಾಸ್ತ್ರ ಕಂಡ ಹೆಂಗಸಿಗೆ ಅದನ್ನು ವಿವರಿಸಬೇಕಾಗಿಲ್ಲ.

ಚಿಕ್ಕಮಗಳೂರಿನ ಓದುಗಿ

ಮೂವರಿಗೂ ಕೃತಜ್ಞಳಾಗಿದ್ದೇನೆ. ನಾಲ್ಕು ದಿನ ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಗಾಳಿಮಳೆಗೆ ಮರ ಬಿದ್ದು ನಮ್ಮ ಬೀದಿಯಲ್ಲಿ ಕರೆಂಟ್ ಇರಲಿಲ್ಲ.

ಅಧ್ಯಾಪಕರು ಹೇಳಿದಂತೆ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ತೆಗೆದುಕೊಂಡು, ಎರಡನೆಯ ಅಧ್ಯಾಯವನ್ನು ಮೇಣದ ಬತ್ತಿಯ ಬೆಳಕಿನಲ್ಲಿ ಹೇಳಿದೆ. ಅನುವಾದಕಿಯವರು ತೋರಿಸಿದ ‘ತಾನು’ ಬಹಳ ಉಪಯೋಗಕ್ಕೆ ಬಂತು. ಜಾನ್‌ನ ಯೋಚನೆಗಳನ್ನೆಲ್ಲ ಹಾಗೆಯೇ ಹೇಳಿದೆ, ಅಮ್ಮ ಒಮ್ಮೆಯೂ ತಡೆಯಲಿಲ್ಲ. ಮೂರು ಸಾವಿರ ಒಂದೂವರೆ ಸಾವಿರವಾದಾಗ ಅಮ್ಮ ಹೆಣೆಯುತ್ತಿದ್ದ ಬತ್ತಿಯನ್ನು ತಟ್ಟೆಯಲ್ಲಿಟ್ಟರು. ವರ್ಷಾಶನದ ಮಾತು ಬಂದಾಗ, “ನೋಡ್ತಿರು, ಅದನ್ನೂ ಕೊಡೋದಿಲ್ಲ” ಎಂದರು. ಮೀನು, ಮಾಂಸ ಕಳಿಸುವ ಮಾತಿಗೆ ಬಂದಾಗ ಏನೂ ಹೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದ್ದು ಇದು. ಅಜ್ಜ ತೀರಿಕೊಂಡ ಮೇಲೆ ತೋಟದ ಕಾಗದಕ್ಕೆ ಸಹಿ ಹಾಕಲು ಅಮ್ಮನನ್ನೂ ಚಿಕ್ಕಮ್ಮನನ್ನೂ ಜೀಪಿನಲ್ಲಿ ಕರೆದುಕೊಂಡು ಹೋಗಿದ್ದರಂತೆ. ಹಿಂದಿನ ರಾತ್ರಿ ಮಾವ ಇಬ್ಬರನ್ನೂ ಕೂರಿಸಿಕೊಂಡು, ಹೂಮಳೆ ಕೈಕೊಟ್ಟು ಫಸಲು ಹೋದ ಕಷ್ಟ, ಬ್ಯಾಂಕಿನ ಸಾಲ, ತಮ್ಮ ಮಕ್ಕಳ ಓದು ಎಲ್ಲವನ್ನೂ ಹೇಳಿದ್ದರಂತೆ. ಮಾತಿನಲ್ಲಿ ಒಂದಿಷ್ಟೂ ಒರಟುತನವಿರಲಿಲ್ಲವಂತೆ. ಸಹಿಯಾದ ವರ್ಷ ಗೌರಿ ಹಬ್ಬಕ್ಕೆ ಬಾಗಿನದ ಜೊತೆ ಒಂದು ಮೂಟೆ ಕಿತ್ತಳೆ ಬಂತು. ಆ ಕಿತ್ತಳೆಯನ್ನು ನಾನು ತಿಂದದ್ದು ನನಗೆ ಚೆನ್ನಾಗಿ ನೆನಪಿದೆ. ಅದು ಯಾವುದರ ಬದಲಿಗೆ ಬಂದದ್ದೆಂದು ಐವತ್ತು ದಾಟಿದ ಮೇಲೆ ಈ ವಾರ ತಿಳಿಯಿತು. ಅಮ್ಮ ಇದನ್ನು ಇಷ್ಟು ವರ್ಷ ನನಗೆ ಹೇಳಿರಲಿಲ್ಲ, ಮಾವನ ಮೇಲೆ ಇಂದೂ ಅವರಿಗೆ ಸಿಟ್ಟಿಲ್ಲ.

ಜಾನ್ ಮುಂದೆಯಾದರೂ ಏನಾದರೂ ಕೊಟ್ಟನೇ ಎಂದು ಅಮ್ಮ ಕೇಳಿದರು. ಬೆಳೆಗಾರರು ಬರೆದ ಮೂವತ್ತಮೂರನೆಯ ಅಧ್ಯಾಯದ ವಿಷಯ ನನಗೆ ಗೊತ್ತಿದ್ದರೂ, ಅದು ಬರುವ ಸಂಜೆಯವರೆಗೆ ಹೇಳುವುದಿಲ್ಲವೆಂದೆ. ಹಾಗಿದ್ದರೆ ಇವತ್ತು ಎರಡು ಅಧ್ಯಾಯ ಹೇಳು ಎಂದಿದ್ದಾರೆ, ಈಗ ಓದಲು ಕೂರುತ್ತಿದ್ದೇನೆ.